ನಾನು ಉಸುಕು ತೆಗೆದದ್ದು

“ಮತ್ತ ಉದುರಿತೇನಲೇ ನಿನ್ನ ರಾಜಸ್ಥಾನ?”

ಕ್ಯಾಮೆರಾ ಚೀಲವನ್ನು ಮೇಜಿನಿಂದ ಎತ್ತಿ ಮಂಚದ ಮೇಲೆ ಇಡುವಷ್ಟರಲ್ಲಿ ಅಡುಗೆಮನೆಯಿಂದ ಅವ್ವನ ದನಿ ಬರುತ್ತದೆ. ಅವಳು ಈ ಕಡೆ ನೋಡಿಯೂ ಇರುವುದಿಲ್ಲ. ಒರೆಸಿದ ನೆಲಕ್ಕೆ ಉಸುಕು ಬಿದ್ದ ಸಪ್ಪಳ ಅವಳಿಗೆ ಕೇಳಿಸುತ್ತದಂತೆ. ಬೆಟಗೇರಿಯ ನೇಕಾರರ ಮನೆಯ ಕಿವಿ ಅದು. ಮಗ್ಗದ ಆ ಗದ್ದಲದ ನಡುವೆ ಒಂದೇ ಒಂದು ಎಳೆ ಹರಿದರೂ “ಹರೀತು ನೋಡ್ರಿ” ಎಂದು ಒಳಗಿನಿಂದಲೇ ಅಪ್ಪನಿಗೆ ಹೇಳುವವಳು.

ಆ ಚೀಲಕ್ಕೆ ನಾನು ಮಾಡದ ಉಪಚಾರವಿಲ್ಲ. ಒಗೆದಿದ್ದೇನೆ, ಬಿಸಿಲಿಗೆ ಹಾಕಿದ್ದೇನೆ, ಒಳಗನ್ನು ಹೊರಗೆ ಮಾಡಿ ಕೊಡವಿದ್ದೇನೆ, ಗೆಳೆಯ ಈರಣ್ಣನ ಗ್ಯಾರೇಜಿಗೆ ಒಯ್ದು ಗಾಳಿ ಹೊಡೆಸಿದ್ದೇನೆ. ಆದರೂ ಯಾವುದೋ ಹೊಲಿಗೆಯ ಸಂದಿನಿಂದ ಚಿಟಿಕೆಯಷ್ಟು ಉಸುಕು ಹೊರಬಂದು ನನ್ನನ್ನು ನೋಡುತ್ತದೆ. ಹಿಟ್ಟಿನಂತೆ ನುಣ್ಣಗೆ, ಹುರಿದ ಗೋಧಿರವೆಯ ಬಣ್ಣ. ನಾನು ಜೈಸಲ್ಮೇರಿಗೆ ಹೋಗಿ ಬಂದದ್ದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷಿ ನನ್ನ ಬಳಿ ಇಲ್ಲ. ಫೋಟೋಗಳಿಲ್ಲವೇ ಎಂದು ನೀವು ಕೇಳಬಹುದು. ಇವೆ. ಅವು ಎಷ್ಟು ಪ್ರಾಮಾಣಿಕ ಎಂಬುದೇ ಈಗಿನ ಮಾತು.

ನನ್ನ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಮದುವೆ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು, ಮಂದಿಯ ಅಣಕ ಮಾಡುವುದು ಚಟ. ಮುಂಡರಗಿ ಬಸ್ಸಿನ ಕಂಡಕ್ಟರು, ಓಣಿಯ ಕೊನೆ ಮನೆಯ ಅಜ್ಜನ ಕೆಮ್ಮು, ಸೀರೆ ವ್ಯಾಪಾರಿಯ ಮುಂದೆ ಇಷ್ಟಿಷ್ಟೇ ಇಳಿಯುವ ನನ್ನಪ್ಪನ ದನಿ, ಯಾರನ್ನೂ ಬಿಟ್ಟಿಲ್ಲ. ಒಮ್ಮೆ ಅಪ್ಪನ ದನಿಯಲ್ಲಿ “ಚಾ ತಾ” ಎಂದೆ. ಅವ್ವ ಚಹಾ ತಂದು ಅಪ್ಪನ ಮುಂದಿಟ್ಟಳು. ಕೇಳದೆ ಬಂದ ಚಹಾ ಕಂಡು ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ, ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಹೀಗೆ ಎಲ್ಲರ ದನಿಯೂ ನನಗೆ ಬರುತ್ತದೆ. ನನ್ನ ದನಿ ಹೇಗಿದೆ ಎಂದು ಮಾತ್ರ ಯಾರೂ ನನಗೆ ತೋರಿಸಿರಲಿಲ್ಲ.

ಇನ್ನು ಉಸುಕು. ಪುಸ್ತಕದಲ್ಲಿ ಮರಳು, ನಮ್ಮ ಬಾಯಲ್ಲಿ ಉಸುಕು. ನಾನು ಸಣ್ಣವನಿದ್ದಾಗ ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸಲು ಹಿಡಿದರೆ ಹಬ್ಬ ನಮ್ಮದು. ಬಾಗಿಲ ಮುಂದೆ ತುಂಗಭದ್ರೆಯ ಉಸುಕಿನ ಗುಡ್ಡ ಬಂದು ಬೀಳುತ್ತಿತ್ತು. ಮೇಲೆ ಒಣಗಿದ್ದರೂ ಮೊಣಕೈವರೆಗೆ ಕೈ ತೂರಿಸಿದರೆ ಒಳಗೆ ಹೊಳೆಯ ತಂಪು. ನಾನು ಈ ಕಡೆಯಿಂದ, ಈರಣ್ಣ ಆ ಕಡೆಯಿಂದ ಸುರಂಗ ತೋಡುತ್ತ ಹೋಗಿ ಒಳಗೆ ಬೆರಳಿಗೆ ಬೆರಳು ತಾಕಿದಾಗ ಇಬ್ಬರೂ ಕಿರುಚುತ್ತಿದ್ದೆವು. ಸಣ್ಣ ಸಣ್ಣ ಶಂಖ ಸಿಗುತ್ತಿದ್ದವು. ಬೆಕ್ಕು ಮಾಡಿಟ್ಟದ್ದೂ ಸಿಗುತ್ತಿತ್ತು. ಮನೆಯ ಯಜಮಾನ ಕೋಲು ಹಿಡಿದು ಬಂದರೆ ಚಡ್ಡಿಯ ಕಿಸೆಯಲ್ಲಿ ತುಂಬಿಕೊಂಡಷ್ಟು ಉಸುಕಿನೊಂದಿಗೆ ಓಟ. ಈಗ ಓಣಿಯಲ್ಲಿ ಆ ಗುಡ್ಡ ಕಾಣುವುದಿಲ್ಲ. ಕಲ್ಲು ಅರೆದ ಕಪ್ಪು ಪುಡಿ ಬಂದು ಬೀಳುತ್ತದೆ, ಅದರಲ್ಲಿ ಮಕ್ಕಳೂ ಆಡುವುದಿಲ್ಲ, ಬೆಕ್ಕೂ ಮೂಸುವುದಿಲ್ಲ. ‘ಹೊಳಿ ಉಸುಕು’ ಎಂಬ ಮಾತನ್ನು ನಮ್ಮ ಕಡೆ ಈಗ ಬಂಗಾರದ ಸುದ್ದಿ ಹೇಳುವಂತೆ ದನಿ ತಗ್ಗಿಸಿ ಹೇಳುತ್ತಾರೆ. ಅದನ್ನು ಹೊಳೆಯಿಂದ ಕದ್ದು ಸಾಗಿಸುವವರ ಬಗ್ಗೆ ಇನ್ನೂ ತಗ್ಗಿಸಿ ಹೇಳುತ್ತಾರೆ. ಅವರಿಗೆ ಹೆಣ್ಣು ಕೊಡುವವರು ಮಾತ್ರ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಾರೆ.

ಹೆಣ್ಣಿನ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ಶಿರಹಟ್ಟಿಯ ಒಂದು ಮದುವೆಯಲ್ಲಿ ಊಟದ ಪಂಕ್ತಿಯ ಫೋಟೋ ತೆಗೆಯುತ್ತಿದ್ದೆ. ಒಬ್ಬ ಹುಡುಗಿ ಹೋಳಿಗೆಯ ತುಂಡನ್ನು ಬಾಯಿಯ ಹತ್ತಿರ ಹಿಡಿದು ನನ್ನನ್ನೇ ದುರುಗುಟ್ಟಿ ನೋಡಿದಳು.

“ತೆಗಿಯೂದಿದ್ರ ಬಾಯಿ ಮುಚ್ಚಿದ ಮ್ಯಾಲ ತೆಗೀರಿ.”

“ಯಾರ ಬಾಯ್ರಿ?” ಎಂದೆ.

“ಮೊದಲ ನಿಮ್ದು.”

ಅವಳು ಪಕ್ಕದ ಹುಡುಗಿಯರ ಕಡೆ ಬಾಗಿ ಏನೋ ಅಂದಳು. ಅವರೆಲ್ಲ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕರು. ನನ್ನ ರೂಪದ ಬಗ್ಗೆ ಏನೋ ಒಳ್ಳೆಯ ಮಾತೇ ಇರಬೇಕೆಂದು ನಂಬಿ, ಆ ಮದುವೆಯಲ್ಲಿ ಮದುಮಗಳಿಗಿಂತ ಹೆಚ್ಚು ಫೋಟೋ ಅವಳವೇ ತೆಗೆದೆ. ಹೆಸರು ಸುಜಾತಾ. ಲಕ್ಷ್ಮೇಶ್ವರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿರುವ ಚನ್ನಬಸಪ್ಪನವರ ಮಗಳು.

ಮುಂಡರಗಿಯಲ್ಲಿ ನನ್ನ ಸೋದರಮಾವನಿದ್ದಾನೆ. ಹೊಲ ಮನೆ ನೋಡಿಕೊಂಡು ಉಳಿದ ಸಮಯದಲ್ಲಿ ವಧು ವರರನ್ನು ಕೂಡಿಸುತ್ತಾನೆ. ಅವನ ಕಡೆಯಿಂದ ಕೇಳಿಸಿದೆ. ಚನ್ನಬಸಪ್ಪನವರ ಉತ್ತರವನ್ನು ಮಾವ ಒಂದಕ್ಷರ ಬಿಡದೆ ತಂದು ಒಪ್ಪಿಸಿದ: “ಫೋಟೋದವಂಗ ಕನ್ಯಾ ಕೊಟ್ರ ಆಷಾಢದಾಗ ಏನ್ ತಿನಸ್ತಾನ? ಧನುರ್ಮಾಸದಾಗ ಏನ್ ತಿನಸ್ತಾನ?” ಮದುವೆಗಳಿಲ್ಲದ ತಿಂಗಳುಗಳನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಮಾವ ಕೊಟ್ಟಿದ್ದ ಅವರ ನಂಬರನ್ನು ನಾನು ಅಳಿಸಲಿಲ್ಲ. ‘ಮಾವ’ ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮೊಬೈಲಿನಲ್ಲಿ ಇಟ್ಟುಕೊಂಡೆ.

ಧನುರ್ಮಾಸ ಬಂತು. ಕೆಲಸವಿಲ್ಲ, ಕನ್ಯೆಯಿಲ್ಲ. ಇಂಥ ಹೊತ್ತಿನಲ್ಲಿ ಗಂಡಸು ಮರುಭೂಮಿಗೆ ಹೋಗಬೇಕೆಂದು ನನಗೆ ಯಾಕೆ ಅನಿಸಿತೋ ಕಾಣೆ. ಈರಣ್ಣನಿಗೆ ಹೇಳಿದರೆ, “ಇಲ್ಲೇ ಕಪ್ಪತಗುಡ್ಡಕ್ಕ ಹೋಗಿ ಕುಂತ್ರ ಆಗೂದಿಲ್ಲೇನು? ಮಧ್ಯಾಹ್ನಕ್ಕ ಮನಿಗೆ ಬಂದು ಊಟ ಮಾಡಬಹುದಲೇ” ಎಂದ. ಕೊನೆಗೆ ಅವನೇ ನನಗಿಂತ ಮೊದಲು ಚೀಲ ಕಟ್ಟಿದ. ಅವ್ವ ದಾರಿಗೆಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ತುಂಬಿದಳು. ಕ್ಯಾಮೆರಾದ ಲೆನ್ಸುಗಳು ಹೋಳಿಗೆಗಳ ನಡುವೆ ಮೆತ್ತಗೆ ಕುಳಿತವು.

ಮರುಭೂಮಿಯ ಫೋಟೋಗಳನ್ನು ನೀವು ನೋಡಿದ್ದೀರಿ. ದಿಬ್ಬದ ಹಿಂದೆ ದಿಬ್ಬ, ಅಲೆಯ ಹಿಂದೆ ಅಲೆ, ಒಂದು ನರಪಿಳ್ಳೆಯೂ ಇಲ್ಲ. ನಾನೂ ಅದನ್ನೇ ನಂಬಿ ಹೋದವನು. ಸಂಜೆ ದಿಬ್ಬ ಹತ್ತಿ ನೋಡುತ್ತೇನೆ, ಗದಗಿನ ಬಸ್‌ಸ್ಟ್ಯಾಂಡನ್ನೇ ಎತ್ತಿ ತಂದು ಉಸುಕಿನ ಮೇಲೆ ಸುರುವಿದಂತೆ ಮಂದಿ! ಜೀಪುಗಳ ಸಾಲು, ಒಂಟೆಗಳ ಸಾಲು, ಚಹಾದ ಕಿಟಲಿ, ಚಿಪ್ಸಿನ ಖಾಲಿ ಪಾಕೀಟು, ಡೇರೆಗಳ ಕಡೆಯಿಂದ ಡೋಲಿನ ಬಡಿತ. ಮದುವೆಗೆ ಮುಂಚಿನ ಫೋಟೋಕ್ಕೆಂದು ಬಂದ ಒಬ್ಬ ವಧುವಿನ ಕೆಂಪು ಲಂಗದ ಬಾಲವನ್ನು ಹಿಡಿಯಲು ಒಬ್ಬ, ಹಾರಿಸಲು ಇನ್ನೊಬ್ಬ. ಈ ಎಲ್ಲದರ ನಡುವೆ ಕ್ಯಾಮೆರಾದವರು ಮೊಸಳೆಗಳಂತೆ ಹೊಟ್ಟೆಯ ಮೇಲೆ ಮಲಗಿ, ಒಬ್ಬೊಬ್ಬರೂ ಒಂದೊಂದು ದಿಕ್ಕಿನಲ್ಲಿ ನಿರ್ಜನತೆಯನ್ನು ಹುಡುಕುತ್ತಿದ್ದಾರೆ. “ಭೈಯಾ, ಫ್ರೇಮ್ ಸೇ ಹಟೋ!” ಎಂದು ಈ ಕಡೆಯವನು ಆ ಕಡೆಯವನಿಗೆ ಕೂಗುತ್ತಾನೆ. ಆ ಕಡೆಯವನು ಅವನಾಚೆಯವನಿಗೆ ಕೂಗುತ್ತಾನೆ. ಹೀಗೆ ಕೂಗು ಪಾಕಿಸ್ತಾನದ ಗಡಿಯವರೆಗೂ ಹೋಗಿ ನಿಲ್ಲುತ್ತಿತ್ತೇನೋ.

“ಮಂಜ್ಯಾ, ಯಾರೂ ಇಲ್ಲದ ಜಾಗಾ ನೋಡಾಕ ಇಷ್ಟೆಲ್ಲಾ ಮಂದಿ ಪಾಳಿ ಹಚ್ಚ್ಯಾರಲ್ಲೋ!” ಎಂದ ಈರಣ್ಣ.

ನಾನೂ ಮಲಗಿದೆ. ಸೂರ್ಯ ಇಳಿಯುವಾಗ ಬೆಳಕು ಅಡ್ಡಲಾಗಿ ಬಿದ್ದು ಉಸುಕಿನ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಅದೊಂದು ಸುಖ, ಅದರಲ್ಲಿ ಅಣಕವಿಲ್ಲ. ಆ ಕ್ಷಣದಲ್ಲಿ ನಾನು ಬಾಯಿ ಮುಚ್ಚಿದ್ದೆ ಎಂದು ಈರಣ್ಣನೇ ಊರಿಗೆ ಬಂದು ಹೇಳಿದ್ದಾನೆ. ಆದರೆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ. ಹಿಂದಿನಿಂದ ಯಾರೋ ಚೀಲ ಎಳೆದರು. ತಿರುಗಿ ನೋಡಿದರೆ ಪಪ್ಪು ಎಂಬ ಹೆಸರಿನ ಒಂಟೆ, ಅವ್ವನ ಶೇಂಗಾ ಹೋಳಿಗೆಗೆ ಬಾಯಿ ಹಾಕಿತ್ತು. ಬಿಡಿಸಲು ಬರಬೇಕಾದ ಈರಣ್ಣ ಮೊಬೈಲಿನಲ್ಲಿ ಫೋಟೋ ತೆಗೆಯುತ್ತ ನಿಂತಿದ್ದ.

ಲಾಡ್ಜಿಗೆ ಬಂದು ಕೆಲಸಕ್ಕೆ ಕುಳಿತೆ. ಮದುವೆ ಆಲ್ಬಮ್ಮಿನಲ್ಲಿ ಬೇಡವಾದ ಬೀಗರನ್ನು ಅಳಿಸಿ ಅಳಿಸಿ ಪಳಗಿದ ಕೈ ನನ್ನದು. ಮೊದಲು ಮಂದಿಯನ್ನು ಅಳಿಸಿದೆ. ಆಮೇಲೆ ಜೀಪು, ಪಾಕೀಟು, ಕಿಟಲಿ, ಕೆಂಪು ಲಂಗ. ಪಪ್ಪುವನ್ನೂ ಅವನ ಬಂಧುಬಳಗವನ್ನೂ ಸಿಟ್ಟಿನಿಂದಲೇ ಅಳಿಸಿದೆ. ಹೆಜ್ಜೆ ಗುರುತುಗಳನ್ನೂ ಬಿಡಲಿಲ್ಲ. ಉಳಿದದ್ದು ಬರೀ ಉಸುಕು. ಅಪ್ಪನಿಗೆ ಕಳಿಸಿದೆ. ಅಪ್ಪ ದನಿಯಲ್ಲೇ ಉತ್ತರ ಕಳಿಸಿದ: “ನೇಯ್ಗಿ ಛಲೋ ಐತಿ. ಸೆರಗು ಎಲ್ಲಿ?”

ಅದೇ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಕಲ್ಲ. ‘ಮರಳಿಗೆ ಮರುಳಾದೆ’ ಎಂದು ಬರೆಯಲು ಹೊರಟೆ. ನೋಡಿದರೆ ನನಗಿಂತ ಮೊದಲು ಅಲ್ಲಿಗೆ ಹೋದ ಕನ್ನಡಿಗರೆಲ್ಲ ಅದನ್ನೇ ಬರೆದು ಮುಗಿಸಿದ್ದರು. ನಮ್ಮ ಮಾತಿನಲ್ಲೇ ಇರಲಿ ಎಂದು ಹೀಗೆ ಬರೆದೆ: “ನಾಕ ದಿನದಿಂದ ಬರೇ ಉಸುಕು ತೆಗಿಯಾಕತ್ತೇನಿ.”

ಫೋಟೋ ತೆಗೆಯುವುದಕ್ಕೂ ಉಸುಕು ತೆಗೆಯುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದವಿದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ.

ಮರುದಿನ ಶಿರಹಟ್ಟಿಯಿಂದ ನನ್ನ ಹಳೆಯ ಮಾಸ್ತರರ ಫೋನು ಬಂತು. ಮೂಗಿನಿಂದ ಅರ್ಧ, ಬಾಯಿಯಿಂದ ಅರ್ಧ ಮಾತಾಡುವವರು. “ಮಂಜ್ಯಾ, ನಿನ್ನ ಉಸುಕು ನೋಡಿದೆನೋ. ನಮ್ಮನಿಗೂ ಒಂದಿಷ್ಟು ಹಾಕಪಾ.”

“ಎಷ್ಟ ದೊಡ್ಡದು ಬೇಕ್ರಿ ಸರ? ಗೋಡಿಗೇನ್ರಿ?”

“ಗೋಡಿಗೂ ಬೇಕು, ಮಾಳಗಿಗೂ ಬೇಕು.”

ಗೋಡೆಯಷ್ಟೇ ಅಲ್ಲ, ಮಾಳಿಗೆಯನ್ನೂ ನನ್ನ ಕಲೆಯಿಂದ ಮುಚ್ಚಬೇಕೆನ್ನುವ ರಸಿಕರು! ಶಾಲೆಯಲ್ಲಿ ಅವರ ಮೂಗಿನ ಅಣಕ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಮುಂಡರಗಿ ಮಾವನ ಫೋನು.

“ಅಳಿಯಾ, ಲಕ್ಷ್ಮೇಶ್ವರದವರು ತಾವಾಗೇ ಫೋನ್ ಮಾಡಿದ್ರು. ನಿನ್ನ ಉಸುಕು ನೋಡ್ಯಾರ!”

“ಪಸಂದ ಆತಂತೇನು ಮಾಮಾ?”

“ನಿದ್ದಿ ಹತ್ತಿಲ್ಲಂತ. ‘ಹುಡುಗ ಖರೇನ ಉಸುಕಿನಾಗ ಇಳದಾನೇನು?’ ಅಂತ ಕೇಳಿದ್ರು. ‘ಇಳದಾನ್ರಿ, ಮೊಣಕಾಲ ಮಟಾ ಇಳದಾನ’ ಅಂದೆ. ಕನ್ಯಾ ನೋಡಾಕ ಅವಲಕ್ಕಿಗೆ ಬರ್ರಿ ಅಂದಾರ.”

ಒಳ್ಳೆಯ ಕಲೆ ಸಿಮೆಂಟಿನಂಥ ಮನಸ್ಸನ್ನೂ ಕರಗಿಸುತ್ತದೆ ಎಂದು ಈರಣ್ಣನಿಗೆ ಹೇಳಿದೆ. ಸಿಮೆಂಟು ಕರಗುವುದಿಲ್ಲ, ಗಟ್ಟಿಯಾಗುತ್ತದೆ ಎಂದು ಅವನು ತಿದ್ದಿದ.

ಊರಿಗೆ ಬಂದ ಮೇಲೆ ಮಾವ, ಅವ್ವ, ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಅಪ್ಪ ಮಗ್ಗ ಬಿಟ್ಟು ಬರಲಿಲ್ಲ. ಫೋಟೋ ಕೇಳಿದರೆ ತೋರಿಸಬೇಕೆಂದು ಕ್ಯಾಮೆರಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವ್ವನದು ಒಂದೇ ಮಾತು: “ಆ ಮನ್ಯಾಗ ಯಾರ ಅಣಕಾನೂ ಮಾಡಬ್ಯಾಡ. ನಿನ್ನ ದನಿಯೊಳಗ ಮಾತಾಡು. ಅದು ಹ್ಯಾಂಗಿತ್ತಂತ ನೆನಪೈತಿಲ್ಲೋ?”

ಚನ್ನಬಸಪ್ಪನವರನ್ನು ನೋಡಿದ ಕೂಡಲೆ ಅವ್ವನ ಮಾತು ಎಷ್ಟು ಕಠಿಣವೆಂದು ತಿಳಿಯಿತು. ಅವರು ಪ್ರತಿ ಮಾತಿಗೂ ಮೊದಲು “ಹ್ಞೂಂ…” ಎಂದು ಗಂಟಲು ಸರಿಮಾಡುತ್ತಾರೆ, ಕೊನೆಗೆ “ತಿಳೀತಿಲ್ಲೋ?” ಎನ್ನುತ್ತಾರೆ. ನನ್ನ ನಾಲಿಗೆ ಬಾಯೊಳಗೆ ಕರುವಿನ ಹಾಗೆ ಹಗ್ಗ ಜಗ್ಗುತ್ತಿತ್ತು.

“ಹ್ಞೂಂ… ಉಸುಕು ತೆಗದೀರಿ. ಛಲೋ ಐತಿ. ತಿಳೀತಿಲ್ಲೋ?”

“ನಿಮ್ಮ ಆಶೀರ್ವಾದ್ರಿ.”

“ಹ್ಞೂಂ… ಹೊತ್ತು ಯಾವ್ದು? ಕತ್ತಲದಾಗೇನು?”

“ಕತ್ತಲದಾಗ ಏನ್ ಬರತೈತ್ರಿ? ನಾ ತೆಗಿಯೂದು ಮುಂಜಾನಿ ಜಲ್ದಿ, ಇಲ್ಲಾ ಸಂಜಿಮುಂದ. ಎಲ್ಲಾರ ಎದುರಿಗೇ ತೆಗಿತೇನ್ರಿ.”

ಅವರು ಮಾವನ ಕಡೆ ತಿರುಗಿ, “ಕತ್ತಲದಾಗ ತೆಗಿಯೋ ಮಂದಿನ್ನ ಭಾಳ ನೋಡೇನಿ. ಎಲ್ಲಾರ ಎದುರಿಗೆ ತೆಗಿಯೋ ಗಂಡಸನ್ನ ಈಗ ನೋಡಿದೆ” ಎಂದರು. ಮತ್ತೆ ನನಗೆ: “ಪೊಲೀಸರು?”

“ಏನೂ ಅನ್ನೂದಿಲ್ರಿ. ಒಬ್ಬ ಸಾಹೇಬ್ರು ನಿಂತು ತಾವೂ ಎರಡು ತೆಗಿಸಿಕೊಂಡು ಹೋದ್ರು.”

“ಹ್ಞೂಂ… ಫಿಲ್ಟರಿಂದಲ್ಲ ಹೌದಿಲ್ಲೋ?”

ಮಣ್ಣು ತೊಳೆದು ಮಾಡುವ ನಕಲಿ ಉಸುಕಿಗೆ ಅವರ ವ್ಯಾಪಾರದಲ್ಲಿ ಫಿಲ್ಟರ್ ಉಸುಕು ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ನಾನು ಎದೆ ಉಬ್ಬಿಸಿ ಹೇಳಿದೆ: “ಫಿಲ್ಟರ್ ಮುಟ್ಟೂದಿಲ್ರಿ. ಇದ್ದದ್ದು ಇದ್ದಂಗ!”

“ದಿನಕ್ಕ ಎಷ್ಟ ಲೋಡು?”

“ಒಂದ ಎರಡ, ಅಷ್ಟರೀ. ಭಾಳ ಅಪ್‌ಲೋಡ್ ಮಾಡಿದ್ರ ಕಿಮ್ಮತ್ತು ಉಳಿಯೂದಿಲ್ಲ.”

“ಶಾಣ್ಯಾ ಅದಾನ!” ಎಂದು ಅವರು ತೊಡೆ ತಟ್ಟಿದರು. “ನಮ್ಮಲ್ಲಿ ಸಿಮೆಂಟ್ ಐತಿ, ಕಬ್ಬಿಣ ಐತಿ. ಉಸುಕು ಒಂದ ಕಡಿಮಿ ಇತ್ತು. ಅದನ್ನ ದೇವರು ಅಳಿಯನ ಕೈಲೆ ಕಳಿಸ್ಯಾನ. ತಿಳೀತಿಲ್ಲೋ?”

ನನಗೆ ಅಳಿಯ ಎಂಬುದೊಂದು ಬಿಟ್ಟು ಏನೂ ತಿಳಿಯಲಿಲ್ಲ. ಅವಲಕ್ಕಿ ತಂದಿಟ್ಟು ಬಾಗಿಲ ಹತ್ತಿರ ಕುಳಿತಿದ್ದ ಸುಜಾತಾ ಆಗ ಬಾಯಿ ತೆರೆದಳು.

“ಒಂದು ಕೇಳಲೇನ್ರಿ? ಅಲ್ಲಿ ಒಂಟಿ ಇದ್ದಿಲ್ಲೇನು?”

“ಹೊಳಿದಂಡಿಗೆ ಒಂಟಿ ಎಲ್ಲಿಂದ ಬರ್ತಾವ ಯವ್ವಾ?” ಎಂದು ಅವಳ ಅಪ್ಪ ನಕ್ಕರು.

“ಹೊಳಿ?” ಎಂದೆ ನಾನು.

ಮಾವ ಚಾಪೆಯ ಮೇಲೇ ನನ್ನ ಕಾಲು ಒತ್ತಿದ. ಆಗ ಒಂದೊಂದಾಗಿ ಎಲ್ಲವೂ ಬಂದು ತಲೆಗೆ ಬಡಿದವು. ಲೋಡು, ಪೊಲೀಸರು, ಮಾಸ್ತರರ ಮಾಳಿಗೆ! ನಾನು ಒಂದು ಒಂಟೆಯನ್ನಾದರೂ ಉಳಿಸಿದ್ದರೆ ಯಾರಿಂದಲೂ ಈ ತಪ್ಪು ಆಗುತ್ತಿರಲಿಲ್ಲ. ಎಲ್ಲವನ್ನೂ ಅಳಿಸಿ ನಿರ್ಜನ ಮಾಡಿದವನು ನಾನು, ಅದರಲ್ಲಿ ಹೊಳೆ ಹರಿಸಿಕೊಂಡವರು ಅವರು. ಈಗ ಸುಮ್ಮನೆ “ಹೂಂರಿ” ಎಂದರೆ ಸುಜಾತಾ ನನ್ನವಳು. ನಿಜ ಹೇಳಿದರೆ ಆಷಾಢದಲ್ಲಿ ಏನು ತಿನ್ನಿಸುತ್ತೀ ಎಂಬ ಹಳೆಯ ಪ್ರಶ್ನೆ. ಸುಜಾತಾ ನನ್ನನ್ನೇ ನೋಡುತ್ತಿದ್ದಳು, ಹೋಳಿಗೆ ಹಿಡಿದಾಗಿನ ಅದೇ ನೋಟ.

“ಏನೂ ಅಳಸದ್ದು ಒಂದರ ಫೋಟೋ ಐತೇನ್ರಿ?” ಎಂದಳು.

ಇತ್ತು. ಈರಣ್ಣ ತೆಗೆದು ಕಳಿಸಿದ್ದು. ಮೊಬೈಲನ್ನು ಚನ್ನಬಸಪ್ಪನವರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹ್ಞೂಂ… ಇದು ಒಂಟಿ.”

“ಹೌದ್ರಿ. ರಾಜಸ್ಥಾನದ್ದು.”

“ಇದರ ಮುಂದ ಇದೇನು?”

“ಅದು ನಾನ್ರಿ.”

“ಮಾರಿ ಎಲ್ಲೈತಿ?”

“ಆ ಕಡಿ ಐತ್ರಿ.”

“ಹಂಗಾರ ಉಸುಕು?”

“ಉಸುಕು ಖರೇ ಐತ್ರಿ” ಎಂದು ಚೀಲ ಬೋರಲು ಮಾಡಿದೆ. ಖಾಲಿ ತಟ್ಟೆಯಲ್ಲಿ ಒಂದು ಚಿಟಿಕೆ ಬಿತ್ತು. ಅವರು ಎರಡು ಬೆರಳಲ್ಲಿ ತಿಕ್ಕಿ, ಊದಿ ಹಾರಿಸಿ, “ಹಿಟ್ಟ ಆಗೇತಿ. ಪ್ಲಾಸ್ಟರಿಗೂ ಬರೂದಿಲ್ಲ. ತಿಳೀತಿಲ್ಲೋ?” ಎಂದರು.

“ಹ್ಞೂಂ… ತಿಳೀತ್ರಿ.”

ಇದು ನನ್ನ ಬಾಯಿಂದಲೇ ಬಂದದ್ದು. ಆದರೆ ಆ ಗಂಟಲು, ಆ ಎಳೆತ ಎಲ್ಲ ಅವರದೇ. ನಾಲಿಗೆ ಹಗ್ಗ ಹರಿದುಕೊಂಡಿತ್ತು. ಅವ್ವ ಕಣ್ಣು ಮುಚ್ಚಿಕೊಂಡಳು. ಸುಜಾತಾ ಸೆರಗಿನಿಂದ ಬಾಯಿ ಒತ್ತಿ ಹಿಡಿದು ಒಳಗೆ ಓಡಿದಳು. ಚನ್ನಬಸಪ್ಪನವರು ಎದ್ದು ನಿಂತು “ವಿಚಾರ ಮಾಡಿ ಹೇಳ್ತೀವಿ” ಎಂದರು. ನಮ್ಮ ಕಡೆ ಹೀಗಂದರೆ ವಿಚಾರ ಮುಗಿಯಿತು ಎಂದರ್ಥ. ಬಸ್ಸಿನಲ್ಲಿ ಮಾವ ಒಂದೇ ಮಾತಾಡಿದ: “ನಾ ಎಲ್ಲಿ ಸುಳ್ಳ ಹೇಳೇನಿ? ಮೊಣಕಾಲ ಮಟಾ ಇಳಿದಿದ್ದಿಲ್ಲೇನು ನೀನು?”

ಸಂಕ್ರಾಂತಿ ಆಗಿ ಮದುವೆಗಳು ಶುರುವಾದವು. ನಾನು ಮಂದಿಯ ಬೀಗರನ್ನು ಅಳಿಸುತ್ತ ಕುಳಿತಿದ್ದೆ. ಒಂದು ಮಧ್ಯಾಹ್ನ ಫೋನು ರಿಂಗಾಯಿತು. ನೋಡಿದರೆ ‘ಮಾವ?’ ಕುಳಿತಲ್ಲಿಂದ ಎದ್ದು ನಿಂತೆ.

“ಹ್ಞೂಂ… ಲಕ್ಷ್ಮೇಶ್ವರದಿಂದ ಮಾತಾಡಾಕತ್ತೇನಿ. ತಿಳೀತಿಲ್ಲೋ?”

“ತಿಳೀತ್ರಿ, ಹೇಳ್ರಿ.”

“ಆ ಉಸುಕು ಯಾವ ಕೆಲಸಕ್ಕೂ ಬರೂದಿಲ್ಲ.”

“ಹೌದ್ರಿ.”

“ಹುಡುಗನೂ ಅಷ್ಟ.”

“ಹೌದ್ರಿ.”

“ಆದ್ರ ಒಂಟಿ ನಮ್ಮ ಹುಡುಗಿಗೆ ಪಸಂದ ಆಗೇತಿ.”

“ಏನಂದ್ರಿ?”

“ಹಂಗ ಸ್ವಲ್ಪ ಈ ಕಡಿ ನೋಡ್ರಿ… ಕುತ್ತಿಗಿ ಎತ್ರಿ… ಹಲ್ಲ ಬ್ಯಾಡ್ರೀ, ಬರೇ ನಗ್ರಿ…”

ಇದು ಚನ್ನಬಸಪ್ಪನವರ ದನಿಯಲ್ಲ. ಯಾರದೋ ಬಹಳ ಪರಿಚಯದ ದನಿ. ಸ್ವಲ್ಪ ಮೂಗು, ಸ್ವಲ್ಪ ಅವಸರ, ಕೊನೆಯ ‘ನಗ್ರಿ’ಯಲ್ಲಿ ಒಂದು ಬೇಡಿಕೊಳ್ಳುವ ಎಳೆತ. ಇಷ್ಟು ಹಾಸ್ಯಾಸ್ಪದವಾಗಿ ಮಾತಾಡುವವನು ಯಾರಪ್ಪ ಎಂದು ಯೋಚಿಸುತ್ತಿರುವಾಗ ಹೊಳೆಯಿತು. ಅದು ನಾನು. ಆ ಕಡೆಯಿಂದ ಸುಜಾತಾಳ ನಗು ಕೇಳಿಸಿತು. ಶಿರಹಟ್ಟಿಯ ಪಂಕ್ತಿಯಲ್ಲಿ ಹುಡುಗಿಯರು ಯಾಕೆ ನಕ್ಕಿದ್ದರೆಂದು ಆಗ ತಿಳಿಯಿತು.

“ನಿಮ್ಮ ಅಪ್ಪಾರು?” ಎಂದೆ, ಇನ್ನೂ ನಿಂತುಕೊಂಡೇ.

“ಅಂಗಡ್ಯಾಗ ಅದಾನ. ಫೋನ್ ಮನ್ಯಾಗ ಬಿಟ್ಟು ಹೋಗ್ಯಾನ. ಅವನ ಹೂಂ ಇನ್ನ ಬರಬೇಕು. ನಂದು ಬಂದೈತಿ.”

ಅಪ್ಪನ ಹೂಂ ಅವಳು ಹೇಗೆ ತರಿಸಿದಳೆಂದು ಆಮೇಲೆ ಕೇಳಿದೆ. ‘ಉಸುಕಿನ ಅಳಿಯ ಯಾವಾಗ ಜೇಲಿಗೆ ಹೋಗ್ತಾನೋ ಯಾರಿಗೆ ಗೊತ್ತು, ಫೋಟೋದವ ಆಷಾಢದಾಗರ ಮನ್ಯಾಗ ಇರತಾನ’ ಎಂದಳಂತೆ. ಅವರು ಗಂಟಲು ಸರಿಮಾಡಿ ಒಪ್ಪಿದರಂತೆ. ಮುಂದಿನ ತಿಂಗಳು ಮದುವೆ. ನಮ್ಮ ಆಲ್ಬಮ್ಮಿನಲ್ಲಿ ಒಬ್ಬ ಬೀಗನನ್ನೂ ಅಳಿಸಕೂಡದೆಂದು ಸುಜಾತಾಳ ಕಟ್ಟಪ್ಪಣೆಯಾಗಿದೆ. ಫೋಟೋ ತೆಗೆಯುವವನು ಈರಣ್ಣನಾದ್ದರಿಂದ ಅವರ ಮುಖ ಬರುತ್ತದೋ ಬೆನ್ನು ಬರುತ್ತದೋ ಹೇಳಲಾರೆ.

ಈರಣ್ಣ ಮೊನ್ನೆ ನನ್ನ ಮೊಬೈಲು ನೋಡಿ, “ಎಲ್ಲಾ ಖಾತ್ರಿ ಆತಲ್ಲಲೇ, ಆ ಪ್ರಶ್ನಾರ್ಥಕ ಚಿಹ್ನಿ ಅಳಸು” ಎಂದ. ಅಳಿಸುವುದು ನನಗೇನು ಕಷ್ಟ? ಆದರೆ ಇಟ್ಟುಕೊಂಡಿದ್ದೇನೆ. ಆ ನಂಬರಿನಿಂದ ಫೋನು ಬಂದರೆ ಆ ಕಡೆ ಇರುವವರು ಅಪ್ಪನೋ ಮಗಳೋ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಎದ್ದು ನಿಂತೇ “ತಿಳೀತ್ರಿ” ಎನ್ನುತ್ತೇನೆ.